ಮನೆಯೊಳಗಿನ ಹಿಂಸೆಯನ್ನು ತಡೆಯಲು ಶಾಲೆ ಇಡಬೇಕಾದ ಹೆಜ್ಜೆಗಳು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು (2019-21) ಕರ್ನಾಟಕದ ಬಗ್ಗೆ ಎರಡು ಆತಂಕಕಾರಿ ಸಂಗತಿಗಳನ್ನು ದಾಖಲಿಸಿದೆ. 18ರಿಂದ 49 ವರ್ಷದೊಳಗಿನ, ಮದುವೆಯಾದ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ತಿಳಿಸಿದ್ದಾರೆ. ಹಿಂದಿನ ಸುತ್ತಿನಲ್ಲಿ ಈ ಪ್ರಮಾಣ ಶೇ 20.6 ಇತ್ತು. ಎರಡನೆಯದು ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವಂಥದ್ದು. ಹೇಳದೆ ಹೊರಗೆ ಹೋದರೆ, ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ, ಅಡುಗೆ ಕೆಟ್ಟರೆ, ಎದುರು ಮಾತನಾಡಿದರೆ ಎಂಬಂಥ ಏಳು ಕಾರಣಗಳಲ್ಲಿ ಯಾವುದಾದರೂ ಒಂದಕ್ಕೆ ಗಂಡ ಹೆಂಡತಿಯನ್ನು ಹೊಡೆಯುವುದು ಸರಿಯೇ ಎಂದು ಕೇಳಿದಾಗ ರಾಜ್ಯದ ಶೇ 76.9ರಷ್ಟು ಮಹಿಳೆಯರೂ ಶೇ 81.9ರಷ್ಟು ಪುರುಷರೂ ಹೌದು ಎಂದಿದ್ದಾರೆ.

ಅಂದರೆ ನಮ್ಮ ತರಗತಿಗಳಿಗೆ ಬರುವ ಮಕ್ಕಳಲ್ಲಿ ಅನೇಕರು ಹೊಡೆತವನ್ನು ಕಂಡವರು ಮಾತ್ರವಲ್ಲ, ಅದನ್ನು ಸಹಜವೆಂದು ಒಪ್ಪಿಕೊಂಡ ಮನೆಗಳಲ್ಲಿ ಬೆಳೆಯುತ್ತಿರುವವರು. ಕಾನೂನು, ಪೊಲೀಸು, ನ್ಯಾಯಾಲಯಗಳು ಪೆಟ್ಟು ಬಿದ್ದ ಮೇಲೆ ಬರುತ್ತವೆ. ಪೆಟ್ಟು ಬೀಳುವ ಮೊದಲೇ ಮಕ್ಕಳ ಜೊತೆ ದಿನಕ್ಕೆ ಆರೇಳು ಗಂಟೆ ಇರುವ ಸಂಸ್ಥೆ ಶಾಲೆಯೊಂದೇ. ಸರ್ಕಾರಿ ಮತ್ತು ಅನುದಾನಿತ ಹಿರಿಯ ಪ್ರಾಥಮಿಕ ಹಾಗೂ ಪ್ರೌಢಶಾಲೆಗಳ ಮುಖ್ಯ ಶಿಕ್ಷಕರನ್ನೂ ತರಗತಿ ಶಿಕ್ಷಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದೆ. ಶಾಲೆ ಯಾರ ಸಂಸಾರವನ್ನೂ ಸರಿಪಡಿಸಬೇಕಾಗಿಲ್ಲ, ರಾಜಿ ಮಾಡಿಸಬೇಕಾಗಿಲ್ಲ. ಗಮನಿಸಬೇಕು, ಕೇಳಿಸಿಕೊಳ್ಳಬೇಕು, ಅಧಿಕಾರ ಇರುವವರಿಗೆ ಸರಿಯಾಗಿ ತಲುಪಿಸಬೇಕು. ಅದರ ಜೊತೆಗೆ, ಹೊಡೆಯುವುದು ಸರಿ ಎಂಬ ನಂಬಿಕೆಯನ್ನು ತರಗತಿಯಲ್ಲಿ ಪ್ರಶ್ನೆಗೆ ಒಡ್ಡಬೇಕು.

ಮೊದಲ ಹೆಜ್ಜೆ: ಶಾಲೆಯೊಳಗಿನ ಕೋಲು ಹೋಗಬೇಕು

ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಇದು ಎಲ್ಲ ಶಿಕ್ಷಕರಿಗೂ ಗೊತ್ತು. ಆದರೂ ಮೇಜಿನ ಮೇಲೆ ಸ್ಕೇಲು, ಬೀರುವಿನ ಹಿಂದೆ ಬೆತ್ತ ಇರುವ ಶಾಲೆಗಳು ಇನ್ನೂ ಇವೆ. ತಪ್ಪು ಮಾಡಿದವರಿಗೆ ದೊಡ್ಡವರು ಹೊಡೆಯಬಹುದು ಎಂದು ಶಾಲೆಯೇ ಪ್ರತಿದಿನ ತೋರಿಸಿಕೊಟ್ಟರೆ, ಅದೇ ಶಾಲೆ ಮಾರ್ಚ್ 8ರಂದು ಮಹಿಳಾ ದಿನದ ಭಾಷಣದಲ್ಲಿ ಹೇಳುವ ಮಾತಿಗೆ ಮಕ್ಕಳ ಬಳಿ ಬೆಲೆ ಇರುವುದಿಲ್ಲ. ಮನೆಯಲ್ಲಿ ಪೆಟ್ಟು ತಿಂದ ಮಗು ಶಾಲೆಯಲ್ಲೂ ಪೆಟ್ಟು ತಿಂದರೆ ಯಾರ ಬಳಿಯೂ ಬಾಯಿ ಬಿಡುವುದಿಲ್ಲ. ಹಾಗಾಗಿ ಉಳಿದ ಯಾವ ಕಾರ್ಯಕ್ರಮಕ್ಕೂ ಮೊದಲು ಸಿಬ್ಬಂದಿ ಸಭೆ ಕರೆದು, ಶಾಲೆಯಲ್ಲಿ ಯಾರೂ ಯಾರ ಮೇಲೂ ಕೈ ಮಾಡುವುದಿಲ್ಲ ಎಂಬ ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಪಡೆಯಬೇಕು.

ಅದೇ ಸಭೆಯಲ್ಲಿ ಕೆಲಸಗಳ ಹಂಚಿಕೆಯನ್ನೂ ನೋಡಿ. ಕಸ ಗುಡಿಸುವುದು, ರಂಗೋಲಿ ಹಾಕುವುದು, ಬಂದ ಅಧಿಕಾರಿಗಳಿಗೆ ಚಹಾ ಕೊಡುವುದು ಹುಡುಗಿಯರ ಪಾಲಿಗೂ, ಬೆಂಚು ಹೊರುವುದು, ಗಂಟೆ ಹೊಡೆಯುವುದು, ಅಂಗಡಿಗೆ ಹೋಗಿ ಬರುವುದು ಹುಡುಗರ ಪಾಲಿಗೂ ಬಂದಿದ್ದರೆ ಅದನ್ನು ಸರದಿಯ ಪಟ್ಟಿಯಾಗಿ ಬದಲಿಸಿ. "ಹುಡುಗಿಯರ ಹಾಗೆ ಅಳ್ತೀಯಲ್ಲೋ" ಎಂಬ ಮಾತು ಶಿಕ್ಷಕರ ಬಾಯಿಂದ ಬರದಂತೆ ಒಬ್ಬರನ್ನೊಬ್ಬರು ಎಚ್ಚರಿಸಿ.

ಬಳಿಕ ಇಬ್ಬರು ಶಿಕ್ಷಕರನ್ನು ಮಕ್ಕಳ ರಕ್ಷಣೆಯ ಹೊಣೆಗೆ ಗುರುತಿಸಿ. ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಲಿ. ಸೇವಾ ಜ್ಯೇಷ್ಠತೆ ಇಲ್ಲಿ ಮುಖ್ಯವಲ್ಲ. ಮಕ್ಕಳು ತಾವಾಗಿಯೇ ಯಾರ ಸುತ್ತ ಸೇರುತ್ತಾರೋ ಅವರೇ ಈ ಕೆಲಸಕ್ಕೆ ತಕ್ಕವರು. ಇವರ ಹೆಸರು, 1098 ಮಕ್ಕಳ ಸಹಾಯವಾಣಿ, 181 ಮಹಿಳಾ ಸಹಾಯವಾಣಿ, 112 ತುರ್ತು ಸೇವೆ ಇವಿಷ್ಟನ್ನು ಬಿಸಿಯೂಟಕ್ಕೆ ಸಾಲು ನಿಲ್ಲುವ ಜಾಗದಲ್ಲೂ ಹುಡುಗಿಯರ ಶೌಚಾಲಯದ ಬಾಗಿಲಿನ ಒಳಬದಿಯಲ್ಲೂ ಬರೆಸಿ. ಮುಖ್ಯ ಶಿಕ್ಷಕರ ಕೊಠಡಿಯ ಗೋಡೆಯ ಮೇಲೆ ಬರೆಸಿದರೆ ಓದಬೇಕಾದವರು ಓದುವುದಿಲ್ಲ. ದೂರು ಪೆಟ್ಟಿಗೆಯ ಮಾತೂ ಇಷ್ಟೇ: ಎಲ್ಲರಿಗೂ ಕಾಣುವ ಕಡೆ ಇಟ್ಟ ಪೆಟ್ಟಿಗೆಯೊಳಗೆ ಚೀಟಿ ಬೀಳುವುದಿಲ್ಲ.

ಎರಡನೆಯ ಹೆಜ್ಜೆ: ಗಮನಿಸುವುದು, ಬರೆದಿಡುವುದು

ಹಿಂಸೆಯ ಮನೆಯಿಂದ ಬರುವ ಮಗು ಗಾಯ ತೋರಿಸಿಕೊಂಡು ಬರುವುದು ಅಪರೂಪ. ಹೆಚ್ಚಾಗಿ ಕಾಣುವುದು ಸಣ್ಣ ಬದಲಾವಣೆಗಳು. ವಾರದ ಒಂದೇ ದಿನ ತಡವಾಗಿ ಬರುವುದು, ಮೊದಲ ಪಿರಿಯಡ್‌ನಲ್ಲೇ ತೂಕಡಿಸುವುದು, ಸಂಜೆ ಗಂಟೆ ಹೊಡೆದ ಮೇಲೂ ಮನೆಗೆ ಹೊರಡದೆ ಏನಾದರೂ ನೆಪ ಹುಡುಕುವುದು, ತಮ್ಮ ತಂಗಿಯರನ್ನು ಬಿಟ್ಟಿರಲಾರದೆ ಪದೇ ಪದೇ ಅವರ ತರಗತಿಯತ್ತ ಹೋಗಿ ನೋಡುವುದು, ಪಕ್ಕದಲ್ಲಿ ಯಾರಾದರೂ ಕೈ ಎತ್ತಿದರೆ ಬೆಚ್ಚಿ ತಲೆ ತಗ್ಗಿಸುವುದು. ಹುಡುಗರಲ್ಲಿ ಇದು ಬೇರೆ ರೂಪದಲ್ಲಿ ಬರಬಹುದು. ಸದಾ ಜಗಳಕ್ಕೆ ನಿಲ್ಲುವ, ಹುಡುಗಿಯರನ್ನು ಗೋಳಾಡಿಸುವ ಹುಡುಗನನ್ನು ಶಿಕ್ಷಿಸುವ ಮೊದಲು ಅವನ ಮನೆಯಲ್ಲಿ ಏನಾಗುತ್ತಿದೆ ಎಂದು ಯೋಚಿಸಬೇಕು.

ತಾಯಂದಿರ ವಿಷಯದಲ್ಲೂ ಕುರುಹುಗಳಿರುತ್ತವೆ. ಪೋಷಕರ ಸಭೆಗೆ ತಪ್ಪದೆ ಬರುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಬರುವುದನ್ನು ನಿಲ್ಲಿಸುತ್ತಾಳೆ, ಅವಳ ಫೋನನ್ನು ಪ್ರತಿ ಬಾರಿಯೂ ಗಂಡನೇ ಎತ್ತುತ್ತಾನೆ, ಸೆರಗನ್ನು ಕೆನ್ನೆಗೆ ಎಳೆದುಕೊಂಡು ಮಾತನಾಡುತ್ತಾಳೆ.

ಇವು ಯಾವುವೂ ಸಾಕ್ಷ್ಯವಲ್ಲ. ತೂಕಡಿಸುವ ಮಗುವಿಗೆ ರಕ್ತಹೀನತೆ ಇರಬಹುದು, ತಡವಾಗಿ ಬರುವ ಮಗುವಿನ ಊರಿಗೆ ಬಸ್ಸೇ ಇಲ್ಲದಿರಬಹುದು. ಆದ್ದರಿಂದಲೇ ಬರವಣಿಗೆ ಬೇಕು. ಹೊಣೆ ಹೊತ್ತ ಶಿಕ್ಷಕರು ಬೀಗ ಹಾಕಿಡುವ ಪುಸ್ತಕವೊಂದರಲ್ಲಿ ದಿನಾಂಕ ಹಾಕಿ, ಕಂಡದ್ದನ್ನು ಮಾತ್ರ ಬರೆಯಬೇಕು. "ಎಡಗೈ ಮಣಿಕಟ್ಟಿನ ಮೇಲೆ ನೀಲಿ ಕಲೆ, ಬಿದ್ದೆ ಎಂದಳು" ಎಂದು ಬರೆಯಬಹುದು. "ತಂದೆ ಹೊಡೆದಿರಬೇಕು" ಎಂದು ಬರೆಯಬಾರದು. ಇಂಥ ಬರಹವನ್ನು ಹಾಜರಾತಿಯ ಜೊತೆಗಿಟ್ಟು ನೋಡಿದಾಗ ತಾನಾಗಿಯೇ ಒಂದು ಚಿತ್ರ ಮೂಡುತ್ತದೆ. ಮುಂದೆ ರಕ್ಷಣೆ ಬೇಕಾದ ಮಕ್ಕಳ ವಿಷಯವನ್ನು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯೋ ನ್ಯಾಯಾಲಯವೋ ಕೇಳಿದರೆ ನೆನಪನ್ನು ಕೆದಕುವ ಕಷ್ಟ ಇರುವುದಿಲ್ಲ.

ಮೂರನೆಯ ಹೆಜ್ಜೆ: ಮಗು ಹೇಳಿದಾಗ ಕೇಳುವ ಬಗೆ

ಇಡೀ ಕೆಲಸದಲ್ಲಿ ಅತಿ ಸೂಕ್ಷ್ಮವಾದ ಘಟ್ಟ ಇದು. ಎಂಟನೇ ತರಗತಿಯ ಹುಡುಗಿಯೊಬ್ಬಳು ಆಟದ ಪಿರಿಯಡ್‌ನಲ್ಲಿ ಒಬ್ಬಳೇ ಕುಳಿತಿದ್ದಾಳೆ ಎಂದಿಟ್ಟುಕೊಳ್ಳೋಣ. ಶಿಕ್ಷಕಿ ಹತ್ತಿರ ಹೋಗಿ ಪಕ್ಕದಲ್ಲೇ ಕೂರುತ್ತಾರೆ.

"ಯಾಕಮ್ಮಾ, ಆಟಕ್ಕೆ ಹೋಗಲಿಲ್ವಾ?"

"ಹೊಟ್ಟೆನೋವು ಮಿಸ್."

"ಸರಿ, ಕೂತ್ಕೋ. ನಾನೂ ಇಲ್ಲೇ ಕೂತಿರ್ತೀನಿ."

ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳುತ್ತಾಳೆ: "ರಾತ್ರಿ ಮನೇಲಿ ಗಲಾಟೆ ಆಯ್ತು ಮಿಸ್. ನಿದ್ದೆ ಆಗ್ಲಿಲ್ಲ."

ಇಲ್ಲಿಂದ ಮುಂದೆ ಶಿಕ್ಷಕಿ ಆಡುವ ಒಂದೊಂದು ಮಾತಿಗೂ ತೂಕವಿದೆ. "ಅಯ್ಯೋ, ಎಲ್ಲರ ಮನೇಲೂ ಇದ್ದದ್ದೇ" ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. "ನಿಮ್ಮಪ್ಪ ಹೊಡೆದ್ರಾ?" ಎಂದರೆ ಉತ್ತರವನ್ನು ನಾವೇ ಮಗುವಿನ ಬಾಯಿಗೆ ತುರುಕಿದಂತಾಗುತ್ತದೆ. "ಏನಾಯ್ತು, ಹೇಳ್ಬೇಕು ಅನ್ಸಿದ್ರೆ ಹೇಳು" ಎಂದರೆ ಸಾಕು. ಅವಳು ಹೇಳುವಷ್ಟನ್ನು ಕೇಳಬೇಕು. ನಡುವೆ ಬಾಯಿ ಹಾಕಬಾರದು, ತಂದೆಯನ್ನು ಬೈಯಬಾರದು. ಹೊಡೆಯುವ ತಂದೆಯ ಮೇಲೂ ಮಗುವಿಗೆ ಪ್ರೀತಿ ಇರುತ್ತದೆ, ನಾವು ಬೈದರೆ ಅವನ ಪರವಾಗಿ ನಿಲ್ಲಲು ಅದು ಉಳಿದದ್ದನ್ನು ಮುಚ್ಚಿಡುತ್ತದೆ.

ಮಾತು ಮುಗಿದ ಮೇಲೆ ಮೂರು ವಿಷಯ ಹೇಳಿ. ನೀನು ಹೇಳಿದ್ದು ಒಳ್ಳೆಯದಾಯಿತು. ಇದರಲ್ಲಿ ನಿನ್ನ ತಪ್ಪೇನೂ ಇಲ್ಲ. ನಿನಗೆ ಸಹಾಯ ಮಾಡಬಲ್ಲ ಒಬ್ಬಿಬ್ಬರಿಗೆ ನಾನು ಇದನ್ನು ತಿಳಿಸಬೇಕಾಗುತ್ತದೆ, ತಿಳಿಸುವ ಮೊದಲು ನಿನಗೆ ಹೇಳುತ್ತೇನೆ. "ಯಾರಿಗೂ ಹೇಳಬೇಡಿ ಮಿಸ್" ಎಂದು ಮಗು ಆಣೆ ಹಾಕಿಸಿಕೊಳ್ಳಲು ಬಂದರೆ ಒಪ್ಪಬೇಡಿ. ಆಣೆ ಇಟ್ಟು ಆಮೇಲೆ ಮುರಿದರೆ ಆ ಮಗು ಮತ್ತೆ ಯಾವ ದೊಡ್ಡವರನ್ನೂ ನಂಬುವುದಿಲ್ಲ.

ಗಾಯದ ಫೋಟೊ ತೆಗೆಯಬೇಡಿ, ಮಾತನ್ನು ರೆಕಾರ್ಡ್ ಮಾಡಬೇಡಿ, ಬೇರೆ ಶಿಕ್ಷಕರ ಮುಂದೆ ಅದನ್ನೇ ಮತ್ತೊಮ್ಮೆ ಹೇಳಿಸಬೇಡಿ. ಮಗು ತರಗತಿಗೆ ಹೋದ ಕೂಡಲೇ ಅವಳ ಮಾತುಗಳನ್ನು ಅವಳು ಹೇಳಿದ ಹಾಗೆಯೇ ಪುಸ್ತಕಕ್ಕೆ ಬರೆಯಿರಿ. ಸ್ಟಾಫ್ ರೂಮಿನಲ್ಲಿ ಈ ವಿಷಯ ಬಾಯಿಂದ ಬಾಯಿಗೆ ಹೋದರೆ ಸಂಜೆಯೊಳಗೆ ಅದು ಊರಿನ ಬಸ್‌ನಿಲ್ದಾಣವನ್ನೂ ರಾತ್ರಿಯೊಳಗೆ ಆ ತಂದೆಯ ಕಿವಿಯನ್ನೂ ಮುಟ್ಟಬಹುದು.

ನಾಲ್ಕನೆಯ ಹೆಜ್ಜೆ: ಯಾರಿಗೆ, ಹೇಗೆ ತಿಳಿಸಬೇಕು

ಬಹಳ ಶಾಲೆಗಳು ಎಡವುವುದು ಇಲ್ಲೇ. ವಿಷಯ ಗೊತ್ತಾದೊಡನೆ ತಂದೆಯನ್ನು ಕರೆಸಿ ಬುದ್ಧಿ ಹೇಳುವುದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರನ್ನೋ ಊರ ಹಿರಿಯರನ್ನೋ ಕೂರಿಸಿ ಪಂಚಾಯಿತಿ ಮಾಡುವುದು ಸದುದ್ದೇಶದಿಂದಲೇ ನಡೆಯುತ್ತದೆ. ಆದರೆ ತಂದೆ ಶಾಲೆಯಲ್ಲಿ ತಲೆ ತಗ್ಗಿಸಿ ಕೈ ಮುಗಿದು ಹೋದ ರಾತ್ರಿ, ಹೇಳಿದ ಮಗುವಿಗೂ ಅದರ ತಾಯಿಗೂ ಏನಾಗುತ್ತದೆ ಎಂಬುದನ್ನು ನೋಡಲು ಅಲ್ಲಿ ಯಾರೂ ಇರುವುದಿಲ್ಲ. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆಯನ್ನು ಇಂಥ ಪಂಚಾಯಿತಿಗಳಲ್ಲಿ ಧಾರಾಳವಾಗಿ ಬಳಸುತ್ತಾರೆ. ಪೆಟ್ಟನ್ನು ಜಗಳವೆಂದು ಕರೆಯಲು ಶಾಲೆ ಒಪ್ಪಬಾರದು. ರಾಜಿ ಮಾಡಿಸುವ ಅಧಿಕಾರವನ್ನು ಯಾವ ಕಾನೂನೂ ಮುಖ್ಯ ಶಿಕ್ಷಕರಿಗೆ ಕೊಟ್ಟಿಲ್ಲ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂಬುದು ತಿಳಿದರೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ 2012ರ 19ನೇ ಕಲಂ ಪ್ರಕಾರ, ತಿಳಿದವರು ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂ ಅಡಿಯಲ್ಲಿ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ. ಆರೋಪಿ ಸಂಸ್ಥೆಯ ಸಿಬ್ಬಂದಿಯೇ ಆಗಿದ್ದು ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಾಯ್ದೆ ರಕ್ಷಣೆ ನೀಡಿದೆ. ಶಾಲೆಯೇ ಮೊದಲು ವಿಚಾರಣೆ ಮಾಡಿ ನಿಜವೋ ಸುಳ್ಳೋ ತೀರ್ಮಾನಿಸಬೇಕಾಗಿಲ್ಲ. ಅದು ಪೊಲೀಸರ ಕೆಲಸ. 1098ಕ್ಕೆ ಕರೆ ಮಾಡಿದರೂ ಠಾಣೆಗೆ ತಿಳಿಸುವ ಹೊಣೆ ಉಳಿದೇ ಇರುತ್ತದೆಂದು ಭಾವಿಸಿ, ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ ಪಡೆಯಬೇಕು, ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು, ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯಲ್ಲದ ಮಹಿಳೆಯಾಗಿರಬೇಕು ಎಂದು 24ನೇ ಕಲಂ ಹೇಳುತ್ತದೆ. ಶಿಕ್ಷಕರಿಗೆ ಇದು ಗೊತ್ತಿದ್ದರೆ ಮಗುವನ್ನು ಠಾಣೆಯ ಬೆಂಚಿನ ಮೇಲೆ ಕೂರಿಸುವ ಪ್ರಸಂಗವನ್ನು ತಪ್ಪಿಸಬಹುದು.

ಮನೆಯಲ್ಲಿ ಮಗುವಿಗೆ ಹೊಡೆತ ಬೀಳುತ್ತಿದ್ದರೆ 1098ಕ್ಕೆ ಕರೆ ಮಾಡಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಮಕ್ಕಳ ಕಲ್ಯಾಣ ಸಮಿತಿಗೂ ಬರೆದು ತಿಳಿಸಿ. ಮಗುವಿಗೆ ಮದುವೆ ಮಾಡುತ್ತಾರೆಂಬ ಸುದ್ದಿ ಬಂದರೆ ಒಂದು ದಿನವೂ ಕಾಯಬೇಡಿ. ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು ಎನ್ನುತ್ತದೆ ಅದೇ ಸಮೀಕ್ಷೆ. ರಾಜ್ಯದ ತಿದ್ದುಪಡಿಯ ಪ್ರಕಾರ ಇಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಲಗ್ನಪತ್ರಿಕೆ ಹಂಚುವ ಮುನ್ನವೇ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅಥವಾ ತಹಶೀಲ್ದಾರರಿಗೆ ತಿಳಿಸಿದರೆ ನ್ಯಾಯಾಲಯದಿಂದ ತಡೆಯಾಜ್ಞೆ ತರಲು ಸಮಯ ಸಿಗುತ್ತದೆ.

ಪೆಟ್ಟು ತಿನ್ನುತ್ತಿರುವವಳು ತಾಯಿಯಾಗಿದ್ದರೆ ದಾರಿ ಬೇರೆ. ಅವಳು ವಯಸ್ಕಳು; ಏನು ಮಾಡಬೇಕೆಂಬುದು ಅವಳ ತೀರ್ಮಾನ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರ 4ನೇ ಕಲಂ ಪ್ರಕಾರ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಕರ್ನಾಟಕದಲ್ಲಿ ಸಿಡಿಪಿಒಗಳೇ ಈ ಹೊಣೆ ಹೊತ್ತಿದ್ದಾರೆ. ಆದರೆ ಪ್ರಾಣಾಪಾಯದ ಸ್ಥಿತಿ ಇಲ್ಲದಿದ್ದರೆ ಮೊದಲು ಅವಳನ್ನು ಒಬ್ಬಳನ್ನೇ ಕಾಣಬೇಕು. ಅಂಕಪಟ್ಟಿಗೆ ಸಹಿ, ವಿದ್ಯಾರ್ಥಿವೇತನದ ಅರ್ಜಿ ಎಂಬ ಕಾರಣ ಹೇಳಿ ಶಾಲೆಗೆ ಕರೆಸಿ, ಶಿಕ್ಷಕಿಯೊಬ್ಬರು ಮಾತನಾಡಲಿ. ಕಾಯ್ದೆಯಲ್ಲಿ ಹೊಡೆತ ಮಾತ್ರವಲ್ಲ, ಬೈಗುಳ, ಲೈಂಗಿಕ ಬಲವಂತ, ದುಡಿದ ಹಣ ಕಿತ್ತುಕೊಳ್ಳುವುದು, ಮನೆಖರ್ಚಿಗೆ ಕೊಡದಿರುವುದೂ ಹಿಂಸೆಯೇ. ಮನೆಯಿಂದ ಹೊರಹಾಕದಂತೆ ಆದೇಶ ಕೇಳಬಹುದು. ಇದು ಗಂಡನನ್ನು ಜೈಲಿಗೆ ಕಳಿಸುವ ಕಾಯ್ದೆಯಲ್ಲ, ಮೊದಲಿಗೆ ರಕ್ಷಣೆ ಕೊಡುವ ಕಾಯ್ದೆ. ಇವಿಷ್ಟನ್ನು ತಿಳಿದರೆ ಅನೇಕ ತಾಯಂದಿರ ಭಯ ಅರ್ಧ ಇಳಿಯುತ್ತದೆ. ಜಿಲ್ಲೆಯ ಸಖಿ ಕೇಂದ್ರದಲ್ಲಿ ವೈದ್ಯಕೀಯ ನೆರವು, ಆಪ್ತಸಮಾಲೋಚನೆ, ತಾತ್ಕಾಲಿಕ ವಸತಿ ಸಿಗುತ್ತದೆ. ಉಚಿತ ಕಾನೂನು ನೆರವಿಗೆ 15100. ನಂಬರುಗಳನ್ನು ಚೀಟಿಯಲ್ಲಿ ಬರೆದುಕೊಡಬೇಡಿ, ಅದು ಗಂಡನ ಕೈಗೆ ಸಿಕ್ಕಬಹುದು. 181 ಎಂಬ ಮೂರಂಕಿ ನೆನಪಿಡಲು ಸುಲಭ.

ಐದನೆಯ ಹೆಜ್ಜೆ: ಮನೆ ಬಿಟ್ಟು ಬಂದ ಮಗುವಿಗೆ ಜಾಗ

ತಾಯಿ ಮಕ್ಕಳನ್ನು ಕರೆದುಕೊಂಡು ರಾತ್ರೋರಾತ್ರಿ ತವರಿಗೆ ಬಂದಾಗ ಟಿಸಿ ತರಲು ಸಾಧ್ಯವಿರುವುದಿಲ್ಲ. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಟಿಸಿ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಹೇಳುತ್ತದೆ. ಅಂದೇ ಕೂರಿಸಿಕೊಳ್ಳಿ, ಅಂದೇ ಊಟ ಹಾಕಿ. ಕಾಗದಪತ್ರವನ್ನು ಶಾಲೆಗಳ ನಡುವೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೂಲಕ ಸರಿಪಡಿಸಿಕೊಳ್ಳಬಹುದು. ಹಿಂದಿನ ಶಾಲೆಯಾದರೂ ಅಷ್ಟೆ: ಮಗು ಈಗ ಎಲ್ಲಿದೆ ಎಂದು ಫೋನಿನಲ್ಲಿ ಕೇಳಿದವರಿಗೆಲ್ಲ ವಿಳಾಸ ಹೇಳಬಾರದು. ರಕ್ಷಣಾ ಆದೇಶದಲ್ಲಿ ಮಗುವಿನ ಶಾಲೆಗೆ ಎದುರುದಾರ, ಅಂದರೆ ದೂರು ಯಾರ ಮೇಲಿದೆಯೋ ಅವನು, ಬರದಂತೆ ನಿರ್ಬಂಧಿಸುವ ಅವಕಾಶ ಕೌಟುಂಬಿಕ ಹಿಂಸೆ ಕಾಯ್ದೆಯ 18ನೇ ಕಲಂನಲ್ಲಿದೆ. ತಾಯಿಯ ಬಳಿ ಅಂಥ ಆದೇಶವಿದ್ದರೆ ಪ್ರತಿಯೊಂದನ್ನು ಪಡೆದು, ಸಂಜೆ ಮಗುವನ್ನು ಯಾರ ಜೊತೆ ಕಳಿಸಬೇಕೆಂದು ತರಗತಿ ಶಿಕ್ಷಕರಿಗೂ ಗೇಟಿನ ಬಳಿ ಇರುವವರಿಗೂ ತಿಳಿಸಿ. ಮನೆಗೆ ಮರಳುವುದು ಅಪಾಯವೆನಿಸುವ ಹುಡುಗಿಯರಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದಂಥ ವಸತಿ ಶಾಲೆ ಸಿಗುವುದೇ ಎಂದು ಬಿಇಒ ಕಚೇರಿಯಲ್ಲಿ ವಿಚಾರಿಸಿ.

ಆರನೆಯ ಹೆಜ್ಜೆ: ತರಗತಿಯ ಪಾಠ

ಹರಿಯಾಣದ 314 ಸರ್ಕಾರಿ ಶಾಲೆಗಳಲ್ಲಿ 2014ರಿಂದ ನಡೆದ ಒಂದು ಅಧ್ಯಯನ ಇಲ್ಲಿ ದಾರಿ ತೋರುತ್ತದೆ. ಅವುಗಳಲ್ಲಿ ಸುಮಾರು ಅರ್ಧದಷ್ಟು ಶಾಲೆಗಳ ಏಳು, ಎಂಟನೇ ತರಗತಿಯ ಹುಡುಗ ಹುಡುಗಿಯರ ಜೊತೆ ಎರಡೂವರೆ ವರ್ಷ ಕಾಲ, ಒಂದೊಂದು 45 ನಿಮಿಷದ ಚರ್ಚೆಗಳನ್ನು ನಡೆಸಲಾಯಿತು. ಲಿಂಗತಾರತಮ್ಯದ ನಿಲುವುಗಳಲ್ಲಿ ಶೇ 16ರಷ್ಟು ಬದಲಾದವು. ವರ್ತನೆಯ ಬದಲಾವಣೆ ಹುಡುಗರಲ್ಲಿ ಹೆಚ್ಚು ಕಂಡಿತು. ಕಾರ್ಯಕ್ರಮ ಮುಗಿದ ಎರಡು ವರ್ಷದ ನಂತರವೂ ಅದು ಉಳಿದಿತ್ತು. ಒಂದು ದಿನದ ಜಾಥಾ, ಒಂದು ಗಂಟೆಯ ಉಪನ್ಯಾಸದಿಂದ ಇದು ಆಗದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೌಲ್ಯ ಶಿಕ್ಷಣಕ್ಕೆಂದು ಇರುವ ಪಿರಿಯಡ್ಡನ್ನು ಎರಡು ವಾರಕ್ಕೊಮ್ಮೆ, ವರ್ಷವಿಡೀ ಇದಕ್ಕೆ ಮೀಸಲಿಡಿ. ಹುಡುಗಿಯರನ್ನು ಮಾತ್ರ ಬೇರೆ ಕೂರಿಸಿ ಎಚ್ಚರಿಕೆ ಹೇಳುವ ಪದ್ಧತಿಯನ್ನು ಬಿಡಿ. ಹೊಡೆಯುವುದನ್ನು ನಿಲ್ಲಿಸಬೇಕಾದವರು ನಾಳೆಯ ಗಂಡಸರು, ಅವರು ತರಗತಿಯಲ್ಲೇ ಇರಬೇಕು.

ಆರಂಭಕ್ಕೆ ದಿನಚರಿಯ ಪಾಠ ಚೆನ್ನಾಗಿ ನಡೆಯುತ್ತದೆ. ಹಲಗೆಯ ಮೇಲೆ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಗೆರೆ ಎಳೆದು, ಊರಿನ ಒಂದು ಮನೆಯಲ್ಲಿ ಅಣ್ಣ ಏನು ಮಾಡುತ್ತಾನೆ, ತಂಗಿ ಏನು ಮಾಡುತ್ತಾಳೆ ಎಂದು ಮಕ್ಕಳಿಂದಲೇ ತುಂಬಿಸಿ. ನೀರು, ಪಾತ್ರೆ, ಕಸ, ಎಮ್ಮೆ, ತಮ್ಮನ ಸ್ನಾನ ಎಂದು ತಂಗಿಯ ಸಾಲು ತುಂಬುತ್ತಾ ಹೋಗುತ್ತದೆ. ಅಣ್ಣನ ಸಾಲಿನಲ್ಲಿ ಆಟದ ಹೊತ್ತು ಉಳಿಯುತ್ತದೆ. ಶಿಕ್ಷಕರು ಏನೂ ಹೇಳಬೇಕಾಗಿಲ್ಲ. ತಂಗಿ ಓದುವುದು ಯಾವಾಗ ಎಂದು ಕೇಳಿ ಸುಮ್ಮನಿದ್ದರೆ ಸಾಕು.

ವಿಶ್ವಾಸ ಬೆಳೆದ ಮೇಲೆ ಸಮೀಕ್ಷೆಯ ಆ ಏಳು ಕಾರಣಗಳಿಗೆ ಬರಬಹುದು. ಕಥೆಯ ರೂಪದಲ್ಲಿ, ಯಾರದೋ ಮನೆಯದಾಗಿ ಮುಂದಿಡಿ: ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೊಡೆದ ಗಂಡ, ಅದೇ ದಿನ ಹೋಟೆಲಿನಲ್ಲಿ ಉಪ್ಪು ಹೆಚ್ಚಾದಾಗ ಅಡುಗೆಯವನಿಗೆ ಏಕೆ ಹೊಡೆಯಲಿಲ್ಲ? ಮಕ್ಕಳು ಬಹಳ ಹೊತ್ತು ವಾದಿಸುತ್ತಾರೆ, ಕೆಲವರು ಗಂಡನ ಪರವಾಗಿಯೂ ನಿಲ್ಲುತ್ತಾರೆ. ಅವರ ಬಾಯಿ ಮುಚ್ಚಿಸಬೇಡಿ. ಆದರೆ ಯಾವ ಕಾರಣಕ್ಕೂ "ನಿಮ್ಮ ಮನೆಯಲ್ಲಿ ಹೇಗೆ?" ಎಂದು ಎಲ್ಲರೆದುರು ಕೇಳಬೇಡಿ. ಇಂಥ ಪಾಠದ ದಿನ ಒಂದೆರಡು ಮಕ್ಕಳು ಗಂಟೆ ಹೊಡೆದ ಮೇಲೂ ಹಿಂದೆ ಉಳಿಯುವುದುಂಟು. ಹೊಣೆ ಹೊತ್ತ ಶಿಕ್ಷಕರು ಅಂದು ಬೇಗ ಮನೆಗೆ ಹೋಗಬಾರದು.

ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಶಾಲೆಯಲ್ಲಿರುವ ಮಕ್ಕಳ ಗುಂಪಾದ ಮೀನಾ ತಂಡ, ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆ, ಮಕ್ಕಳು ಪೊಲೀಸ್ ಠಾಣೆಗೆ ಭೇಟಿ ಕೊಡುವ ತೆರೆದ ಮನೆ ಕಾರ್ಯಕ್ರಮಗಳನ್ನು ಈ ಪಾಠಗಳ ಜೊತೆ ಜೋಡಿಸಬಹುದು. ಶಾಲೆಗೆ ಬರುವ ದಾರಿಯ ಮದ್ಯದಂಗಡಿ, ಬೀದಿದೀಪವಿಲ್ಲದ ತಿರುವು ಇಂಥವನ್ನು ಮಕ್ಕಳೇ ಗ್ರಾಮಸಭೆಯಲ್ಲಿ ಎತ್ತಿದರೆ ಪಂಚಾಯಿತಿ ತಳ್ಳಿಹಾಕುವುದು ಕಷ್ಟ.

ಕೊನೆಯ ಹೆಜ್ಜೆ: ಬೇಸಿಗೆ ರಜೆಗೆ ಮುನ್ನ

ಏಪ್ರಿಲ್ ಎರಡನೇ ವಾರದಿಂದ ಮೇ ಮುಗಿಯುವವರೆಗೆ ಶಾಲೆ ಮುಚ್ಚಿರುತ್ತದೆ. ಮದುವೆಗಳ ಕಾಲವೂ ಅದೇ. ಬಿಸಿಯೂಟ, ಗೆಳತಿಯರು, ಮಿಸ್ ಯಾವುದೂ ಇಲ್ಲದ ಆ ದಿನಗಳಲ್ಲಿ ಅಪಾಯದ ಮನೆಯ ಮಕ್ಕಳು ಮನೆಯಲ್ಲೇ ಇರುತ್ತಾರೆ. ಆದ್ದರಿಂದ ಮಾರ್ಚ್ ಕೊನೆಗೆ ಪುಸ್ತಕ ತೆರೆದು, ಚಿಂತೆಗೆ ಕಾರಣವಾದ ಮಕ್ಕಳ ಪಟ್ಟಿ ಮಾಡಿ. ಒಬ್ಬೊಬ್ಬರನ್ನೂ ಬೇರೆಯಾಗಿ ಕೂರಿಸಿ, ರಾತ್ರಿ ಭಯವಾದರೆ ಯಾವ ಮನೆಗೆ ಓಡಬೇಕು, ಫೋನು ಯಾರ ಬಳಿ ಸಿಗುತ್ತದೆ, 1098 ಮತ್ತು 112 ನೆನಪಿದೆಯೇ ಎಂದು ಕೇಳಿ. ಮಗುವಿಗೆ ಹೇಳಿ, ನಂಬಿಕಸ್ಥರಾದ ಅಂಗನವಾಡಿ ಕಾರ್ಯಕರ್ತೆಗೋ ಆಶಾ ಕಾರ್ಯಕರ್ತೆಗೋ ಆಗಾಗ ಆ ಮನೆಯತ್ತ ಹೋಗಿಬರಲು ಸೂಚಿಸಿ, ಕಾರಣವನ್ನೆಲ್ಲ ವಿವರಿಸಬೇಕಾಗಿಲ್ಲ. ಬೇರೆ ಶಾಲೆಗೆ ಸೇರಲಿರುವ ಏಳು ಅಥವಾ ಎಂಟನೇ ತರಗತಿಯ ಮಕ್ಕಳ ವಿಷಯವನ್ನು ಹೊಸ ಶಾಲೆಯ ಮುಖ್ಯ ಶಿಕ್ಷಕರಿಗೆ ಮುಖತಃ ತಿಳಿಸಿ, ಟಿಸಿಯಲ್ಲಾಗಲಿ ಅಂಕಪಟ್ಟಿಯಲ್ಲಾಗಲಿ ಅದರ ಸುಳಿವು ಇರಬಾರದು. ವರ್ಗಾವಣೆಯಾಗುವ ಶಿಕ್ಷಕರು ಪುಸ್ತಕವನ್ನು ಬೀಗದ ಸಮೇತ ಮುಂದಿನವರಿಗೆ ಒಪ್ಪಿಸಬೇಕು. ಶಾಲೆ ಮತ್ತೆ ತೆರೆದ ಮೊದಲ ವಾರದಲ್ಲೇ ಆ ಪಟ್ಟಿಯನ್ನು ಹಾಜರಾತಿಯ ಪಕ್ಕದಲ್ಲಿಟ್ಟು ನೋಡಿ, ಬಾರದ ಮಗುವಿನ ಮನೆಗೆ ಅಂದೇ ಇಬ್ಬರು ಹೋಗಿ ಬರಬೇಕು.